ಎಂಟು ದಿನದ ಲೆಕ್ಕ: ಗೋವಾ ಉಳಿಸಿಕೊಳ್ಳಲು ಪೋರ್ಚುಗೀಸರು ಹಾಕಿದ್ದ ಯೋಜನೆ

ಪೋರ್ಚುಗಲ್‌ನಲ್ಲಿ ಇವತ್ತಿಗೂ ಹೇಳುವ ಒಂದು ಕಥೆ ಇದೆ. 1961ರ ಡಿಸೆಂಬರ್. ಭಾರತದ ಸೇನೆ ಗೋವಾದ ಗಡಿಯಲ್ಲಿ ಬಂದು ಕೂತಿದೆ. ಒಳಗಿದ್ದ ಪೋರ್ಚುಗೀಸ್ ಪಡೆಗೆ ಟ್ಯಾಂಕ್ ಒಡೆಯುವ ಗ್ರೆನೇಡ್ ಬೇಕು. ತಂತಿಯಲ್ಲಿ ಬಾಯಿಬಿಟ್ಟು ಕೇಳುವಂತಿಲ್ಲ. ಅದಕ್ಕೊಂದು ಗುಟ್ಟಿನ ಹೆಸರು ಇಟ್ಟುಕೊಂಡಿದ್ದರು: ಚೊರೀಸ್. ಕರಾವಳಿಯವರಿಗೆ ಗೊತ್ತಿರುವ ಅದೇ ಖಾರದ ಹಂದಿ ಸಾಸೇಜ್. ‘ಚೊರೀಸ್ ಕಳಿಸಿ’ ಎಂದು ಲಿಸ್ಬನ್ನಿಗೆ ಸಂದೇಶ ಹೋಯಿತು. ವಿಮಾನದಲ್ಲಿ ಪೆಟ್ಟಿಗೆಗಳು ಬಂದವು. ಬಿಚ್ಚಿ ನೋಡಿದರೆ ಒಳಗೆ ನಿಜವಾದ ಸಾಸೇಜ್!

ಕಥೆಗೆ ಎಷ್ಟು ಉಪ್ಪು ಖಾರ ಬಿದ್ದಿದೆಯೋ, ಅದು ಬೇರೆ ಮಾತು. ಆದರೆ ಅದು ಇಷ್ಟು ವರ್ಷ ಉಳಿದುಕೊಂಡಿರುವುದಕ್ಕೆ ಕಾರಣ ಇದೆ. ಕೇಳುವವರು ಗೋವಾದಲ್ಲಿ, ಕೊಡುವವರು ಲಿಸ್ಬನ್ನಿನಲ್ಲಿ. ಎರಡರ ನಡುವೆ ನೇರ ದಾರಿಯಲ್ಲೇ 8 ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಬೆಳಗಾವಿಯಿಂದ ಪಣಜಿಗೋ, ನೂರು ಚಿಲ್ಲರೆ ಕಿಲೋಮೀಟರ್.

ಗೋವಾ ವಿಮೋಚನೆಯ ಕಥೆಯನ್ನು ನಾವು ಸಾಮಾನ್ಯವಾಗಿ ಈ ಕಡೆಯಿಂದ ಕೇಳಿದ್ದೇವೆ. ಆಪರೇಷನ್ ವಿಜಯ್, 36 ಗಂಟೆ, ಮುಗೀತು. ಇಲ್ಲಿ ಸ್ವಲ್ಪ ಆ ಕಡೆ ಹೋಗಿ ನಿಂತು ನೋಡೋಣ. ಸಾಮ್ರಾಜ್ಯಗಳೆಲ್ಲ ಗಂಟುಮೂಟೆ ಕಟ್ಟುತ್ತಿರುವ ಕಾಲದಲ್ಲಿ, ದೂರದ ಒಂದು ತುಂಡು ನೆಲವನ್ನು ಕಾಯಲು ಸೇನಾಧಿಕಾರಿಗಳು ಯೋಜನೆ ಹಾಕುವುದು ಹೇಗೆ? ಅದರಲ್ಲೂ, ಕಾಯಲು ಆಗುವುದಿಲ್ಲ ಎಂದು ಅವರಿಗೇ ಗೊತ್ತಿದ್ದಾಗ?

ನಕ್ಷೆ ಹೇಳುವ ಮಾತು

1947ರಲ್ಲಿ ಬ್ರಿಟಿಷರು ಹೋದರು. 1954ರ ನವೆಂಬರಿನಲ್ಲಿ ಫ್ರೆಂಚರು ಪಾಂಡಿಚೇರಿಯ ಆಡಳಿತ ಬಿಟ್ಟುಕೊಟ್ಟರು. ಉಳಿದದ್ದು ಪೋರ್ಚುಗೀಸರು. 1510ರಿಂದ ಗೋವಾದಲ್ಲಿ ಇದ್ದವರು ಅವರು. ಲಿಸ್ಬನ್ನಿನಲ್ಲಿ ಸಲಾಜಾರ್ ಅವರ ಸರ್ವಾಧಿಕಾರ ನಡೆದಿತ್ತು. 1951ರಲ್ಲಿ ಅವರ ಸರ್ಕಾರ ಸಂವಿಧಾನ ತಿದ್ದಿ, ವಸಾಹತು ಎಂಬ ಪದವನ್ನೇ ತೆಗೆದುಹಾಕಿ, ‘ಕಡಲಾಚೆಯ ಪ್ರಾಂತ್ಯ’ ಎಂದು ಬರೆಯಿತು. ಕಾಗದದ ಮೇಲೆ ಗೋವಾ ಈಗ ಲಿಸ್ಬನ್ನಿನಷ್ಟೇ ಪೋರ್ಚುಗಲ್. ಬಿಟ್ಟುಕೊಡುವ ಮಾತೇ ಇಲ್ಲ.

ಆದರೆ ಕಾಗದ ಬದಲಾದರೆ ನಕ್ಷೆ ಬದಲಾಗುವುದಿಲ್ಲ ಅಲ್ವಾ? ಗೋವಾ ಅಂದರೆ ಸುಮಾರು 3,700 ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೂರು ಕಡೆ ಭಾರತ, ಒಂದು ಕಡೆ ಕಡಲು. ದಮನ್ ಮತ್ತು ದಿಯು ಅಲ್ಲಿಂದ ನೂರಾರು ಕಿಲೋಮೀಟರ್ ದೂರ, ಗುಜರಾತಿನ ಕಡೆ. ಒಂದಕ್ಕೆ ಏಟು ಬಿದ್ದರೆ ಇನ್ನೊಂದು ಹೋಗಿ ಬಿಡಿಸುವಂತಿಲ್ಲ.

ಇದರ ರುಚಿ ಪೋರ್ಚುಗೀಸರಿಗೆ 1954ರಲ್ಲೇ ಸಿಕ್ಕಿತ್ತು. ದಮನ್‌ಗೆ ಸೇರಿದ್ದ ದಾದ್ರಾ ಮತ್ತು ನಗರ ಹವೇಲಿ ಎಂಬ ಎರಡು ತುಣುಕುಗಳು ಪೂರಾ ಭಾರತದ ನೆಲದೊಳಗೆ ಸಿಕ್ಕಿಕೊಂಡಿದ್ದವು. ಆ ವರ್ಷದ ಜುಲೈ, ಆಗಸ್ಟ್ ತಿಂಗಳಲ್ಲಿ ಹೋರಾಟಗಾರರು ಅವನ್ನು ವಶ ಮಾಡಿಕೊಂಡರು. ಸೇನೆ ಕಳಿಸಬೇಕೆಂದರೆ ಭಾರತದ ನೆಲ ದಾಟಬೇಕು. ಭಾರತ ಬಿಡಲಿಲ್ಲ. ಪೋರ್ಚುಗಲ್ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1960ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಜನ, ಸಾಮಾನು ಹೋಗಿಬರುವ ಹಕ್ಕು ಪೋರ್ಚುಗಲ್‌ಗೆ ಇತ್ತು, ಬಂದೂಕು ಹಿಡಿದವರು ಹೋಗುವ ಹಕ್ಕು ಇರಲಿಲ್ಲ. ಅಷ್ಟು ಹೊತ್ತಿಗೆ ಆ ನೆಲ ಕೈತಪ್ಪಿ ಆರು ವರ್ಷ.

1955ರ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳು ಗೋವಾದ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು, 20ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭಾರತ ಗಡಿ ಮುಚ್ಚಿತು. ನಮ್ಮ ಕ್ಯಾಸಲ್‌ರಾಕ್‌ನಿಂದ ಕೊಳೆಂ ಮೇಲೆ ಮರ್ಮಗೋವಾಕ್ಕೆ ಹೋಗುತ್ತಿದ್ದ ರೈಲು ನಿಂತಿತು. ಗೋವಾ ಅಲ್ಲಿಂದಾಚೆ ನೆಲದ ದಾರಿ ಇಲ್ಲದ ಒಂದು ದ್ವೀಪ. ಬರುವುದೆಲ್ಲ ಮರ್ಮಗೋವಾ ಬಂದರಿನಿಂದ, ಇಲ್ಲವೇ ದಾಬೋಲಿಂನಲ್ಲಿ ಅವಸರದಿಂದ ಕಟ್ಟಿದ ವಿಮಾನ ನಿಲ್ದಾಣದಿಂದ. ಗೋವಾಕ್ಕೆಂದೇ ಪೋರ್ಚುಗೀಸರು ಒಂದು ವಿಮಾನ ಕಂಪನಿಯನ್ನೂ ಶುರುಮಾಡಿದ್ದರು. ವಿಮಾನಗಳು ಕರಾಚಿ ದಾರಿ ಹಿಡಿಯುತ್ತಿದ್ದವು.

ಒಂದು ಬಂದರು, ಒಂದು ರನ್‌ವೇ. ಈ ಎರಡರ ಬಾಯಿ ಮುಚ್ಚಿದರೆ ಕಥೆ ಮುಗಿಯಿತು. ಇದನ್ನು ತಿಳಿಯಲು ದೊಡ್ಡ ಸೇನಾ ಶಾಲೆಯಲ್ಲಿ ಓದಬೇಕಿಲ್ಲ.

ಕಾವಲು ನಾಯಿಯೋ, ಬಾಗಿಲಿನ ಗಂಟೆಯೋ

ದೂರದ ವಸಾಹತು ಕಾಯುವುದಕ್ಕೆ ಮೂಲದಲ್ಲಿ ಎರಡೇ ದಾರಿ. ಒಂದು, ಎಂಥ ದಾಳಿ ಬಂದರೂ ತಾನೇ ತಡೆಯುವಷ್ಟು ಸೇನೆಯನ್ನು ಅಲ್ಲೇ ಇಡುವುದು. ಇದು ಕಾವಲು ನಾಯಿ. ಊಟ ಜಾಸ್ತಿ, ಖರ್ಚು ಜಾಸ್ತಿ. ಇನ್ನೊಂದು, ಸಣ್ಣ ಪಡೆ ಇಟ್ಟು, ಯಾರಾದರೂ ಕೈ ಹಾಕಿದರೆ ಸದ್ದಾಗುವಂತೆ ಮಾಡುವುದು. ಇದು ಬಾಗಿಲಿಗೆ ಕಟ್ಟಿದ ಗಂಟೆ. ಸಣ್ಣ ಪಡೆ ಸೋಲುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಮುಟ್ಟಿದರೆ ಹಿಂದಿನಿಂದ ದೊಡ್ಡ ಸೇನೆ ಬರುತ್ತದೆ ಎಂಬ ಭಯವೇ ಅದರ ಬಲ.

ಗಂಟೆಯ ಲೆಕ್ಕಕ್ಕೆ ಒಂದೇ ಷರತ್ತು. ಸದ್ದು ಕೇಳಿ ಓಡಿಬರುವವರು ಇರಬೇಕು. 1941ರ ಜನವರಿಯಲ್ಲೇ ಚರ್ಚಿಲ್ ಹಾಂಗ್‌ಕಾಂಗ್ ಬಗ್ಗೆ, ಉಳಿಸಿಕೊಳ್ಳಲೂ ಆಗದು, ಹೋಗಿ ಬಿಡಿಸಲೂ ಆಗದು ಎಂದು ಬರೆದಿದ್ದರು. ಆದರೂ ಅದೇ ವರ್ಷದ ಕೊನೆಗೆ ಕೆನಡಾದ ಎರಡು ಬೆಟಾಲಿಯನ್ ಅಲ್ಲಿಗೆ ಹೋದವು. ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಬಿತ್ತು. 1982ರಲ್ಲಿ ಫಾಕ್‌ಲ್ಯಾಂಡ್ಸ್‌ನಲ್ಲಿ ಬ್ರಿಟನ್ ಇಟ್ಟಿದ್ದ ಕಾವಲು ಪಡೆಯಲ್ಲಿ ನೂರು ಜನವೂ ಇರಲಿಲ್ಲ. ಅಲ್ಲಿಯೂ ಗಂಟೆ ಹೊಡೆಯಿತು, ಪಡೆ ಶರಣಾಯಿತು. ಆದರೆ ಬ್ರಿಟನ್ ಹತ್ತಿರ ಇನ್ನೂ ದೊಡ್ಡ ನೌಕಾಪಡೆ ಇತ್ತು, ಅದು ಹೊರಟು ಬಂತು. ಎರಡೂ ಕಡೆ ಯೋಜನೆ ಒಂದೇ ಥರ. ಬೇರೆಯಾದದ್ದು ಗಂಟೆಯ ಹಗ್ಗದ ಇನ್ನೊಂದು ತುದಿ.

ಪೋರ್ಚುಗಲ್‌ನ ಹಗ್ಗದ ಆ ತುದಿಯಲ್ಲಿ ಯಾರಿದ್ದರು? ನ್ಯಾಟೋ ಇದೆ ಎಂದುಕೊಳ್ಳಬಹುದು. ಪೋರ್ಚುಗಲ್ ಅದರ ಸ್ಥಾಪಕ ಸದಸ್ಯ ದೇಶ. ಆದರೆ ನ್ಯಾಟೋ ಒಪ್ಪಂದದ 6ನೇ ವಿಧಿಯಲ್ಲಿ ಅದು ಎಲ್ಲೆಲ್ಲಿಗೆ ಅನ್ವಯ ಎಂದು ಬರೆದಿದೆ: ಯುರೋಪ್, ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್. ಅರಬ್ಬಿ ಸಮುದ್ರ ಅದರಲ್ಲಿಲ್ಲ. ಬ್ರಿಟನ್ ಜೊತೆ 14ನೇ ಶತಮಾನದಿಂದ ಬಂದ ಸ್ನೇಹದ ಒಪ್ಪಂದವಿತ್ತು. ಜಗತ್ತಿನಲ್ಲಿ ಇನ್ನೂ ಜಾರಿಯಲ್ಲಿರುವ ಅತಿ ಹಳೆಯ ಒಪ್ಪಂದಗಳಲ್ಲಿ ಅದೂ ಒಂದು. ಆದರೆ ಕಾಮನ್‌ವೆಲ್ತ್ ಸದಸ್ಯನಾದ ಭಾರತದ ವಿರುದ್ಧ ಬಂದೂಕು ಎತ್ತುವುದಿಲ್ಲ ಎಂದು ಬ್ರಿಟನ್ ಕೈ ಕೊಡವಿಕೊಂಡಿತು. ಉಳಿದದ್ದು ವಿಶ್ವಸಂಸ್ಥೆ. ಅಲ್ಲಿ 1960ರ ಡಿಸೆಂಬರಿನಲ್ಲೇ ಮಹಾಸಭೆ ಗೋವಾವನ್ನೂ ಸೇರಿಸಿ ಪೋರ್ಚುಗಲ್‌ನ ‘ಪ್ರಾಂತ್ಯ’ಗಳನ್ನು ಸ್ವಂತ ಆಡಳಿತವಿಲ್ಲದ ಪ್ರದೇಶಗಳ ಪಟ್ಟಿಗೆ ಹಾಕಿ ಆಗಿತ್ತು.

ಅಂದರೆ ಗಂಟೆ ಇತ್ತು. ಹಗ್ಗವೂ ಇತ್ತು. ಆ ತುದಿಯಲ್ಲಿ ಮನೆಯೇ ಇರಲಿಲ್ಲ.

ಇದನ್ನು ಪೋರ್ಚುಗೀಸ್ ಸೇನೆಯೊಳಗೆ ಸ್ಪಷ್ಟವಾಗಿ ನೋಡಿದ ಅಧಿಕಾರಿಯೊಬ್ಬರಿದ್ದರು. ಫ್ರಾನ್ಸಿಸ್ಕೊ ದ ಕೋಸ್ಟಾ ಗೋಮೆಸ್. ಸೇನಾ ಖಾತೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಗ ಗೋವಾದ ಸ್ಥಿತಿಯನ್ನು ತೂಗಿ ನೋಡಿದರು. ಭಾರತ ಮನಸ್ಸು ಮಾಡಿದರೆ ಇದನ್ನು ಉಳಿಸಿಕೊಳ್ಳಲು ಆಗುವುದಿಲ್ಲ, ಹೀಗಿರುವಾಗ ಇಷ್ಟು ಜನರನ್ನು ಇಲ್ಲಿ ಇಡುವುದು ದಂಡ, ಕಡಿಮೆ ಮಾಡಿ ಎಂಬುದು ಅವರ ಸಲಹೆ. ಐವತ್ತರ ದಶಕದಲ್ಲಿ ಸುಮಾರು 12 ಸಾವಿರ ಇದ್ದ ಪಡೆ ಕರಗುತ್ತಾ ಬಂದು 1961ರ ಕೊನೆಗೆ ನಾಲ್ಕು ಸಾವಿರದ ಒಳಗೆ ಇಳಿಯಿತು. ಅದಕ್ಕೆ ದೊಡ್ಡ ನೂಕು ಕೊಟ್ಟದ್ದು ಅಂಗೋಲಾ. 1961ರ ಆರಂಭದಲ್ಲಿ ಅಲ್ಲಿ ದಂಗೆ ಎದ್ದಿತು. ‘ಅಂಗೋಲಾಕ್ಕೆ, ಬೇಗ, ಪೂರ್ತಿ ಬಲದೊಂದಿಗೆ’ ಎಂದು ಸಲಾಜಾರ್ ಸಾರಿದರು. ಎಣ್ಣೆ, ವಜ್ರ, ಕಾಫಿ ಇದ್ದ ಅಂಗೋಲಾ ಎಲ್ಲಿ, ಅದಿರಿನ ಗೋವಾ ಎಲ್ಲಿ. ಕಂಬಳಿ ಚಿಕ್ಕದು, ತಲೆಗೆ ಎಳೆದರೆ ಕಾಲು ಹೊರಗೆ. ಗೋವಾ ಕಾಲಿನ ಕಡೆ ಇತ್ತು.

ಸೇನೆ ಕಡಿಮೆ ಮಾಡಿ ಎಂಬ ಸಲಹೆಯನ್ನು ಲಿಸ್ಬನ್ ಒಪ್ಪಿಕೊಂಡಿತು. ಆ ಸಲಹೆಯ ಇನ್ನರ್ಧ, ಅಂದರೆ ಇದಕ್ಕೆ ರಾಜಕೀಯ ದಾರಿ ಹುಡುಕಬೇಕು ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಬಿದ್ದಿರುವುದು ಇಲ್ಲೇ.

ಜಾಗ ಕೊಟ್ಟು ಹೊತ್ತು ಕೊಳ್ಳುವುದು

ಗೋವಾ ಕಾಯುವ ಯೋಜನೆಗೆ ಪೋರ್ಚುಗೀಸರು ಇಟ್ಟ ಹೆಸರು ‘ಪ್ಲಾನೋ ಸೆಂಟಿನೆಲಾ’. ಕಾವಲುಗಾರ ಯೋಜನೆ ಎನ್ನಬಹುದು. ಇಡೀ ಗೋವಾವನ್ನು ಉತ್ತರ, ಮಧ್ಯ, ದಕ್ಷಿಣ ಮತ್ತು ಮರ್ಮಗೋವಾ ಎಂದು ನಾಲ್ಕು ಭಾಗ ಮಾಡಿದರು. ಒಂದೊಂದಕ್ಕೆ ಒಂದೊಂದು ಪಡೆ. ಗಡಿಯಲ್ಲೇ ನಿಂತು ಹೋರಾಡುವುದು ಇವರ ಕೆಲಸ ಅಲ್ಲ. ಶತ್ರು ಬರುವುದನ್ನು ತಡಮಾಡಿಸುತ್ತಾ ಹಿಂದಕ್ಕೆ ಸರಿಯುವುದು. ಸೇತುವೆ ದಾಟಿ, ಅದನ್ನು ಸ್ಫೋಟಿಸಿ, ಮುಂದಿನ ನದಿಯ ಹಿಂದೆ ಕೂರುವುದು. ಕೊನೆಗೆ ಎಲ್ಲರೂ ಮರ್ಮಗೋವಾದ ಭೂಶಿರದಲ್ಲಿ ಸೇರಿ ಅಲ್ಲಿ ನಿಲ್ಲುವುದು. ಸೇತುವೆ ಸ್ಫೋಟಿಸುವುದಕ್ಕೆ, ರಸ್ತೆ ಮತ್ತು ಕಡಲತೀರದಲ್ಲಿ ಮೈನ್ ಹೂಳುವುದಕ್ಕೆ ‘ಪ್ಲಾನೋ ದ ಬರಾಜೆನ್ಸ್’ ಎಂಬ ಇನ್ನೊಂದು ಯೋಜನೆ. ಅಡ್ಡಗಟ್ಟುವ ಯೋಜನೆ.

ಯುದ್ಧದ ಭಾಷೆಯಲ್ಲಿ ಇದು ಜಾಗ ಕೊಟ್ಟು ಹೊತ್ತು ಕೊಳ್ಳುವ ವ್ಯಾಪಾರ. ಹಳೆಯ ಉಪಾಯ. ನೆಪೋಲಿಯನ್ ಬಂದಾಗ ರಷ್ಯನ್ನರು ಮಾಡಿದ್ದೂ ಇದನ್ನೇ. ಆದರೆ ಅವರ ಹತ್ತಿರ ಮಾರಲು ಜಾಗ ಬೇಕಾದಷ್ಟಿತ್ತು. ಗೋವಾದಲ್ಲಿ ಪೂರ್ವದ ಘಟ್ಟದಿಂದ ಕಡಲಿಗೆ ಸುಮಾರು 60 ಕಿಲೋಮೀಟರ್. ಬೆಳಗ್ಗೆ ಅಂಗಡಿ ತೆರೆದರೆ ಸಂಜೆಗೆ ಸರಕು ಖಾಲಿ.

ಹಾಗಂತ ಯೋಜನೆ ಬರೀ ಮೂರ್ಖತನ ಎನ್ನುವಂತಿಲ್ಲ. ನಕ್ಷೆಯಲ್ಲಿ ಅದಕ್ಕೊಂದು ಅರ್ಥ ಇದೆ. ಗೋವಾವನ್ನು ನದಿಗಳು ಸೀಳುತ್ತವೆ. ನಮ್ಮ ಮಹದಾಯಿ ಅಲ್ಲಿ ಮಾಂಡೋವಿ ಆಗಿ ಪಣಜಿ ಮುಂದೆ ಕಡಲು ಸೇರುತ್ತದೆ. ಅದರ ದಕ್ಷಿಣಕ್ಕೆ ಜುವಾರಿ. ಎರಡೂ ಬಾಯಿ ಅಗಲವಾದ ನದಿಗಳು, ಆ ಕಾಲದಲ್ಲಿ ಪಣಜಿಗೆ ಉತ್ತರದಿಂದ ಬರಬೇಕೆಂದರೆ ಬೆಟಿಂನಲ್ಲಿ ನೀರು ದಾಟಲೇಬೇಕು. ಸೇತುವೆ ಕೆಡವಿದರೆ ಲಾರಿ, ಟ್ಯಾಂಕು ನಿಲ್ಲುತ್ತವೆ. ಹಿಂದೆ ಸರಿಯುವ ಪಡೆಗೆ ಇದಕ್ಕಿಂತ ಒಳ್ಳೆ ನೆಲ ಅಪರೂಪ.

ಆದರೆ ಹಿಂದೆ ಸರಿಯುತ್ತಾ ಕಾದಾಡುವುದು ಯುದ್ಧದಲ್ಲಿ ತುಂಬ ಕಷ್ಟದ ಕೆಲಸ. ಯಾರು ಯಾವಾಗ ಬಿಡಬೇಕು, ಯಾವ ಸೇತುವೆಯನ್ನು ಯಾವ ನಿಮಿಷಕ್ಕೆ ಕೆಡವಬೇಕು, ನಮ್ಮವರು ಎಲ್ಲ ದಾಟಿದರಾ, ಪ್ರತಿ ಗಳಿಗೆಗೂ ಮಾತು ಬೇಕು. ಹೊತ್ತೊಯ್ಯುವ ವೈರ್‌ಲೆಸ್ ಸೆಟ್ ಬೇಕು. ಅವು ಸಾಕಷ್ಟು ಇರಲಿಲ್ಲ. ಹೂಳುವುದಕ್ಕೆ ಮೈನ್ ಬೇಕು. ಸಾಕಷ್ಟು ಇರಲಿಲ್ಲ. ಮೇಲಿನಿಂದ ವಿಮಾನ ಬಂದರೆ ಹೊಡೆಯಲು ಫೈಟರ್ ಬೇಕು. ಒಂದೂ ಇರಲಿಲ್ಲ. ಕೆಲವು ಹಳೆಯ ವಿಮಾನ ನಿರೋಧಕ ತೋಪುಗಳಿದ್ದವು. ಅವನ್ನು ನಡೆಸುವವರನ್ನು ಫುಟ್‌ಬಾಲ್ ತಂಡದ ವೇಷದಲ್ಲಿ ಗೋವಾಕ್ಕೆ ತಂದರು ಎಂದು ಹೇಳುತ್ತಾರೆ. ನೌಕಾಪಡೆ ಎಂದರೆ ‘ಅಫೊನ್ಸೊ ದ ಅಲ್ಬುಕರ್ಕ್’ ಎಂಬ ಒಂದು ಹಡಗು. 1934ರಲ್ಲಿ ನೀರಿಗಿಳಿದದ್ದು, 120 ಮಿಲಿಮೀಟರಿನ ನಾಲ್ಕು ತೋಪು. ಜೊತೆಗೆ ಗೋವಾ, ದಮನ್, ದಿಯುಗೆ ಒಂದೊಂದು ಸಣ್ಣ ಗಸ್ತು ದೋಣಿ.

ಯೋಜನೆಯ ಪ್ರತಿ ಸಾಲೂ ಯಾವುದೋ ಒಂದು ವಸ್ತುವಿನ ಮೇಲೆ ನಿಂತಿತ್ತು. ಆ ವಸ್ತುವನ್ನು ಲಿಸ್ಬನ್ ಅಂಗೋಲಾಕ್ಕೆ ಒಯ್ದಿತ್ತು, ಇಲ್ಲವೇ ಕೊಟ್ಟೇ ಇರಲಿಲ್ಲ. ಪಡೆ ಕರಗಿತು, ಯೋಜನೆ ಮಾತ್ರ ಕಪಾಟಿನಲ್ಲಿ ಹಾಗೇ ಇತ್ತು. ಮದುವೆಗೆ ಐನೂರು ಜನಕ್ಕೆ ಬರೆದ ಪಟ್ಟಿ ಹಿಡಿದು, ಐವತ್ತು ಜನರ ಅಕ್ಕಿ ತಂದ ಹಾಗೆ.

ಇನ್ನೊಂದು ವಿಚಾರ ಯೋಜನೆಯಲ್ಲಿ ಇರಲೇ ಇಲ್ಲ. ಜನ. ಗೋವಾ, ದಮನ್, ದಿಯು ಸೇರಿ ಆರು ಲಕ್ಷದಷ್ಟು ಜನ ಇದ್ದರು. ಅವರು ಯಾರ ಪರ? ಆ ಪ್ರಶ್ನೆ ಕೇಳಿದರೆ ಉತ್ತರ ಬೇರೆಯೇ ಬರುತ್ತಿತ್ತೇನೋ. ಅದಕ್ಕೇ ಕೇಳಲಿಲ್ಲ.

ಕಾರವಾರದ ಎದುರಿನ ಕಲ್ಲು

ಕಾರವಾರದ ಬಿಣಗಾ ಕಡೆ ನಿಂತರೆ ಕಡಲಿನಲ್ಲಿ ಅಂಜದೀವ್ ಕಾಣುತ್ತದೆ. ದಡಕ್ಕೆ ತೀರ ಹತ್ತಿರ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ಶುರುಮಾಡಿದರು. ಗೋವಾದ ಗಡಿ ದಾಟಿ, ನಮ್ಮ ಕರಾವಳಿಯ ಮೂಗಿನ ಮುಂದೆ ಇದ್ದರೂ ಅದು 1961ರಲ್ಲಿ ಇನ್ನೂ ಅವರದ್ದೇ.

ಕಾಯುವ ಯೋಜನೆಯಲ್ಲಿ ಇಂಥ ಚುಕ್ಕಿಗಳು ದೊಡ್ಡ ತಲೆನೋವು. ಬಿಟ್ಟರೆ ಮರ್ಯಾದೆ ಹೋಗುತ್ತದೆ. ಇಟ್ಟರೆ ಅಲ್ಲಿ ಒಂದು ಸಣ್ಣ ತುಕಡಿ ಕೂರಬೇಕು, ಒಂಟಿಯಾಗಿ, ಸುತ್ತ ಶತ್ರುವಿನ ಕಡಲು. ಒಂಟಿ ತುಕಡಿಗೆ ಪ್ರತಿ ದೋಣಿಯೂ ದಾಳಿಯಂತೆ ಕಾಣುತ್ತದೆ. 1961ರ ನವೆಂಬರ್ 24ರಂದು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗು ಹತ್ತಿರ ಹಾದುಹೋಯಿತು. ಸೈನಿಕರನ್ನು ಇಳಿಸಲು ಬಂದಿದೆ ಎಂದುಕೊಂಡು ದ್ವೀಪದಿಂದ ಗುಂಡು ಹಾರಿಸಿದರು. ಆ ದಿನಗಳಲ್ಲೇ ಕಾರವಾರದ ಕಡೆಯ ಮೀನುಗಾರರ ದೋಣಿಯ ಮೇಲೂ ಗುಂಡು ಬಿತ್ತು, ಜೀವ ಹೋಯಿತು.

ಹದಿನಾಲ್ಕು ವರ್ಷ ಮಾತುಕತೆ ಎನ್ನುತ್ತಿದ್ದ ನೆಹರೂ ಸರ್ಕಾರಕ್ಕೆ ಈಗ ಕಾರಣ ಸಿಕ್ಕಿತು. ಗಂಟೆಯನ್ನು ಕಟ್ಟಿದವರೇ ಹೊಡೆದುಬಿಟ್ಟರು.

ಡಿಸೆಂಬರಿನ ಮೊದಲ ವಾರಗಳಲ್ಲಿ ಬೆಳಗಾವಿಯ ಸುತ್ತ ಸೇನೆ ಸೇರಿತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಷನ್, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾಚೂಟ್ ಬ್ರಿಗೇಡ್. ಪುಣೆ ಮತ್ತು ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನಗಳು. ಇದೇನೂ ಗುಟ್ಟಾಗಿರಲಿಲ್ಲ. ಪೋರ್ಚುಗೀಸರಿಗೆ ಬರುವ ದಿನ ಗೊತ್ತಿರಲಿಲ್ಲ, ಬರುವುದು ಗೊತ್ತಿತ್ತು.

‘ಗೆಲ್ಲಬೇಕು, ಇಲ್ಲ ಸಾಯಬೇಕು’

ಆಗ ಗೋವಾದ ಗವರ್ನರ್ ಜನರಲ್ ಆಗಿದ್ದವರು ಮ್ಯಾನುಯೆಲ್ ವಸ್ಸಾಲೊ ಇ ಸಿಲ್ವಾ. ಸೇನೆಯ ಎಂಜಿನಿಯರ್. ಸೇತುವೆ ಕಟ್ಟುವುದು ಕಲಿತವರಿಗೆ ಸೇತುವೆ ಕೆಡವುವ ಯೋಜನೆ ಬಂದು ಬಿದ್ದಿತ್ತು. ಡಿಸೆಂಬರ್ 9ರಂದು ‘ಇಂಡಿಯಾ’ ಎಂಬ ಹಡಗು ತಿಮೋರ್‌ನಿಂದ ಲಿಸ್ಬನ್ನಿಗೆ ಹೋಗುತ್ತಾ ಮರ್ಮಗೋವಾಕ್ಕೆ ಬಂತು. ಯಾರನ್ನೂ ಹತ್ತಿಸಬೇಡಿ ಎಂದು ಲಿಸ್ಬನ್ ಹೇಳಿತ್ತು. ಹೆಂಗಸರು ಮಕ್ಕಳು ಓಡಿಹೋದರೆ ಗೋವಾ ಪೋರ್ಚುಗಲ್ಲೇ ಎನ್ನುವ ಮಾತಿಗೆ ಬೆಲೆ ಎಲ್ಲಿ? ವಸ್ಸಾಲೊ ಇ ಸಿಲ್ವಾ ಕೇಳಲಿಲ್ಲ. 380 ಜನ ಹಿಡಿಸುವ ಹಡಗಿಗೆ ಸುಮಾರು 700 ಜನ ಯುರೋಪಿಯನ್ನರನ್ನು ಹತ್ತಿಸಿ ಕಳಿಸಿದರು. ಶೌಚಾಲಯದಲ್ಲೂ ಜನ ಕೂತಿದ್ದರಂತೆ.

ಡಿಸೆಂಬರ್ 14ರಂದು ಸಲಾಜಾರ್ ಅವರಿಂದ ಸಂದೇಶ ಬಂತು. ಪೂರ್ತಿ ಬಲಿದಾನಕ್ಕೆ ಸಿದ್ಧರಾಗಿ. ಕದನವಿರಾಮ ಇಲ್ಲ, ಯುದ್ಧಕೈದಿಗಳು ಇಲ್ಲ, ಶರಣಾಗತಿ ಇಲ್ಲ. ನಮ್ಮ ಸೈನಿಕರು, ನಾವಿಕರು ಒಂದೋ ಗೆಲ್ಲಬೇಕು, ಇಲ್ಲವೇ ಸಾಯಬೇಕು. ಕನಿಷ್ಠ ಎಂಟು ದಿನ ತಡೆದು ನಿಲ್ಲಿ. ಇದು ಅದರ ಸಾರ.

ಎಂಟು ದಿನ ಯಾಕೆ? ಅಷ್ಟರೊಳಗೆ ಜಗತ್ತಿನ ದೇಶಗಳು ಗದ್ದಲ ಎಬ್ಬಿಸುತ್ತವೆ, ವಿಶ್ವಸಂಸ್ಥೆ ಭಾರತದ ಕೈ ಹಿಡಿಯುತ್ತದೆ ಎಂಬ ಲೆಕ್ಕ. ಜಾಗ ಕೊಟ್ಟು ಹೊತ್ತು ಕೊಳ್ಳುವ ಯೋಜನೆಗೆ ಇಲ್ಲಿ ಅರ್ಥ ಸಿಗುತ್ತದೆ. ಕೊಂಡ ಹೊತ್ತನ್ನು ಖರ್ಚು ಮಾಡಬೇಕಾದವರು ರಾಜತಂತ್ರಜ್ಞರು.

ಆದರೆ ಇದರ ಕೆಳಗೆ ಇನ್ನೊಂದು ಲೆಕ್ಕ ಇತ್ತು ಎಂದು ನನಗನ್ನಿಸುತ್ತದೆ. ಗೋವಾ ಸುಮ್ನೆ ಕೈಬಿಟ್ಟರೆ, ಅಂಗೋಲಾದಲ್ಲಿ, ಮೊಜಾಂಬಿಕ್‌ನಲ್ಲಿ ನೋಡುತ್ತಿರುವವರು ಏನೆಂದುಕೊಳ್ಳುತ್ತಾರೆ? ಅದಕ್ಕೇ ಗೋವಾ ಬೀಳುವುದಾದರೆ ರಕ್ತದಲ್ಲೇ ಬೀಳಬೇಕು. ಈ ಲೆಕ್ಕದಲ್ಲಿ ಸೈನಿಕ ಸತ್ತರೂ ಲಾಭ, ಸೋತರೂ ಲಾಭ, ಬದುಕಿ ಶರಣಾದರೆ ಮಾತ್ರ ನಷ್ಟ. ಹೇಳಬೇಕಾದ ಇನ್ನೊಂದು ಮಾತು: ಸಲಾಜಾರ್ ತಮ್ಮ ಜೀವಮಾನದಲ್ಲಿ ಕಡಲಾಚೆಯ ಒಂದೇ ಒಂದು ‘ಪ್ರಾಂತ್ಯ’ಕ್ಕೂ ಕಾಲಿಟ್ಟವರಲ್ಲ.

ಒಂದೂವರೆ ದಿನ

ಡಿಸೆಂಬರ್ 18ರ ಬೆಳಗ್ಗೆ ಭಾರತದ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂ ರನ್‌ವೇ ಮೇಲೆ ಸುಮಾರು 28 ಟನ್ ಬಾಂಬ್ ಹಾಕಿದವು. ಸಾಂಬ್ರಾದಿಂದ ಹೋದ ಹಂಟರ್ ವಿಮಾನಗಳು ಬಾಂಬೋಲಿಂನ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ಯೋಜನೆಯ ಕಿವಿ, ಬಾಯಿ ಎರಡೂ ಮೊದಲ ಗಂಟೆಗಳಲ್ಲೇ ಹೋದವು. ಲಿಸ್ಬನ್ ಜೊತೆ ಮಾತಿಗೆ ಉಳಿದದ್ದು ಬಂದರಿನಲ್ಲಿದ್ದ ಅಲ್ಬುಕರ್ಕ್ ಹಡಗಿನ ರೇಡಿಯೋ. ಮಧ್ಯಾಹ್ನದ ಹೊತ್ತಿಗೆ ಭಾರತದ ಬೆತ್ವಾ, ಬಿಯಾಸ್ ಹಡಗುಗಳು ಬಂದವು. ಕಾವೇರಿ ಎಂಬ ಹಡಗೂ ಜೊತೆಗಿತ್ತು. ಅಲ್ಬುಕರ್ಕ್ ಗುಂಡಿಗೆ ಗುಂಡು ಕೊಟ್ಟಿತು. ಕ್ಯಾಪ್ಟನ್‌ಗೆ ಬಲವಾದ ಗಾಯ. ಹಡಗನ್ನು ದೋನಾ ಪಾವುಲಾ ಕಡೆಯ ಮರಳಿಗೆ ಹತ್ತಿಸಿ ಬಿಟ್ಟರು. ಮೊದಲ ದಿನವೇ ರೇಡಿಯೋ ಕೂಡ ಹೋಯಿತು.

ನೆಲದಲ್ಲಿ ಸೇತುವೆಗಳು ಯೋಜನೆಯಂತೆಯೇ ಬಿದ್ದವು. ಬಿಚೋಲಿಂ, ಬಾಣಸ್ತಾರಿ, ಬೋರಿ. ಅಡ್ಡಗಟ್ಟುವ ಯೋಜನೆಯಲ್ಲಿ ನಿಜವಾಗಿ ಕೆಲಸ ಮಾಡಿದ ಭಾಗ ಇದು. ಆದರೆ ಸೇತುವೆ ಕೆಡವಿದರೆ ಅಡ್ಡಿ ಆಗುವುದು ಅದರ ಆಚೆ ಯಾರಾದರೂ ಬಂದೂಕು ಹಿಡಿದು ಕೂತಿದ್ದರೆ. ಕೂರಬೇಕಾದವರು ಮಾತು ಕಡಿದುಹೋಗಿ, ಮರ್ಮಗೋವಾದ ಕಡೆ ಸರಿಯುತ್ತಿದ್ದರು. ಕಾಯುವವರಿಲ್ಲದ ನದಿ ಬರೀ ನೀರು. ಭಾರತದ ಸೈನಿಕರು ಸಿಕ್ಕ ದೋಣಿ ಹಿಡಿದು ದಾಟಿದರು. ದಾರಿಯುದ್ದಕ್ಕೂ ಊರಿನವರು ಹೂವು ಹಿಡಿದು ನಿಂತಿದ್ದರು, ದಾರಿ ತೋರಿಸಿದರು. ಯೋಜನೆ ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಹಾಗೆ ಬಂತು. ದಕ್ಷಿಣದಲ್ಲಿ ಕಾರವಾರದ ಮಾಜಾಳಿ ಕಡೆಯಿಂದ ಒಂದು ತುಕಡಿ ನುಗ್ಗಿತು. ಅದು ಕಣ್ಣು ಆ ಕಡೆ ಎಳೆಯುವುದಕ್ಕಷ್ಟೇ.

ಗೋವಾದ ಕಡೆ ಪೋರ್ಚುಗೀಸರು ಬಲವಾಗಿ ತಿರುಗಿಬಿದ್ದ ಒಂದು ಜಾಗ ಅಂದರೆ ಅದೇ ಅಂಜದೀವ್. ‘ಮೈಸೂರು’ ಮತ್ತು ‘ತ್ರಿಶೂಲ್’ ಹಡಗುಗಳಿಂದ ನಾವಿಕರು ದ್ವೀಪಕ್ಕೆ ಇಳಿದರು. ಅಲ್ಲಿ ಭಾರತದ ಏಳು ನಾವಿಕರು ಸತ್ತರು. ಇಡೀ ಕಾರ್ಯಾಚರಣೆಯಲ್ಲಿ ಭಾರತ ಕಳೆದುಕೊಂಡದ್ದು 22 ಜನರನ್ನು. ಸುಮಾರು ಮೂರರಲ್ಲಿ ಒಂದು ಪಾಲು ಆ ಒಂದು ಕಲ್ಲಿನ ಮೇಲೆ.

ಆ ರಾತ್ರಿ ಇನ್ನೊಂದು ನಡೆಯಿತು. ದಾಬೋಲಿಂನಲ್ಲಿ ಎರಡು ನಾಗರಿಕ ವಿಮಾನಗಳು ಉಳಿದಿದ್ದವು. ಗುಂಡಿ ಬಿದ್ದ ರನ್‌ವೇಯನ್ನು ಕತ್ತಲಲ್ಲಿ ತೇಪೆ ಹಾಕಿ, ಅವನ್ನು ಹಾರಿಸಿಕೊಂಡು ಕರಾಚಿಗೆ ಹೋದರು. ಆ ವಿಮಾನ ಚಾಲಕರ ಧೈರ್ಯಕ್ಕೆ ಮೆಚ್ಚಬೇಕು.

ನ್ಯೂಯಾರ್ಕ್‌ನಲ್ಲಿ ಡಿಸೆಂಬರ್ 18ರಂದೇ ಭದ್ರತಾ ಮಂಡಳಿ ಸೇರಿತು. ಕದನ ನಿಲ್ಲಿಸಿ ಹಿಂದೆ ಹೋಗಿ ಎಂದು ಭಾರತಕ್ಕೆ ಹೇಳುವ ನಿರ್ಣಯಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ಏಳು ಮತ. ವಿರುದ್ಧ ನಾಲ್ಕು: ಸೋವಿಯತ್ ಒಕ್ಕೂಟ, ಸಿಲೋನ್, ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ (ಅಂದರೆ ಈಜಿಪ್ಟ್). ಸೋವಿಯತ್ ಮತ ಅಂದರೆ ವೀಟೋ, ಅದೊಂದು ಬಿದ್ದರೆ ನಿರ್ಣಯವೇ ಬಿತ್ತು. ಎಂಟು ದಿನ ತಡೆದಿದ್ದರೂ ಆ ವೀಟೋ ಕರಗುತ್ತಿತ್ತೇ? ಇಲ್ಲ. ಕೊಳ್ಳಬೇಕೆಂದಿದ್ದ ಹೊತ್ತಿಗೆ ಆ ಮಾರುಕಟ್ಟೆಯಲ್ಲಿ ಬೆಲೆಯೇ ಇರಲಿಲ್ಲ.

ಡಿಸೆಂಬರ್ 19. ಪಣಜಿ ಕೈಬಿಟ್ಟಿತ್ತು. ವಸ್ಸಾಲೊ ಇ ಸಿಲ್ವಾ ಮರ್ಮಗೋವಾದ ತುದಿಯಲ್ಲಿದ್ದರು, ಹಿಂದೆ ವಾಸ್ಕೋ ಪಟ್ಟಣ, ಅದರ ಜನ. ಹೋರಾಟ ಮುಂದುವರಿಸಿದರೆ ಆ ಊರಿನ ಜನರ ಜೀವ ಹೋಗುತ್ತದೆ ಎಂದು ಬರೆದು, ಗುಂಡು ನಿಲ್ಲಿಸಲು ಆದೇಶ ಕೊಟ್ಟರು. ರಾತ್ರಿ ಎಂಟೂವರೆಗೆ ಶರಣಾಗತಿಗೆ ಸಹಿ ಬಿತ್ತು. ಪೋರ್ಚುಗೀಸರ ಕಡೆ ಸುಮಾರು 30 ಸಾವು. ನಾಗರಿಕರೂ ಸೇರಿ 4,668 ಜನ ಸೆರೆಯಾದರು. ಯುದ್ಧಕೈದಿಗಳೇ ಇರಬಾರದು ಎಂದಿದ್ದ ಯುದ್ಧದಲ್ಲಿ.

ಲೆಕ್ಕ ಚುಕ್ತಾ

ಆ ಕೈದಿಗಳು 1962ರ ಮೇ ತಿಂಗಳಲ್ಲಿ ಪೋರ್ಚುಗಲ್‌ಗೆ ಮರಳಿದರು. ಬಂದರಿನಲ್ಲಿ ಅವರನ್ನು ಎದುರುಗೊಂಡದ್ದು ಬಂದೂಕು ಹಿಡಿದ ಮಿಲಿಟರಿ ಪೊಲೀಸರು. ವಸ್ಸಾಲೊ ಇ ಸಿಲ್ವಾ ಅವರನ್ನು 1963ರಲ್ಲಿ ಸೇನೆಯಿಂದ ಹೊರಹಾಕಿದರು. ಮೈನ್ ಕೊಡದವರಿಗೆ, ವೈರ್‌ಲೆಸ್ ಕೊಡದವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ.

1974ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನಲ್ಲಿ ಸೇನಾಧಿಕಾರಿಗಳೇ ದಂಗೆ ಎದ್ದು ಸರ್ವಾಧಿಕಾರ ಕೊನೆಗಾಣಿಸಿದರು. ಆಫ್ರಿಕಾದಲ್ಲಿ ಹದಿಮೂರು ವರ್ಷ ಕಾದಾಡಿ ಬೇಸತ್ತವರು ಅವರು. ವಸ್ಸಾಲೊ ಇ ಸಿಲ್ವಾ ಅವರ ಪದವಿ ಮರಳಿ ಸಿಕ್ಕಿತು. ಅದೇ ವರ್ಷ ಡಿಸೆಂಬರ್ 31ರಂದು ದೆಹಲಿಯಲ್ಲಿ ಎರಡೂ ದೇಶಗಳ ವಿದೇಶಾಂಗ ಮಂತ್ರಿಗಳಾದ ಮಾರಿಯೊ ಸೊವಾರಿಸ್ ಮತ್ತು ವೈ.ಬಿ. ಚವಾಣ್ ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿಕೊಂಡಿತು. ಆಗ ಪೋರ್ಚುಗಲ್‌ನ ರಾಷ್ಟ್ರಾಧ್ಯಕ್ಷ ಯಾರು ಗೊತ್ತೇ? ಫ್ರಾನ್ಸಿಸ್ಕೊ ದ ಕೋಸ್ಟಾ ಗೋಮೆಸ್.

1980ರಲ್ಲಿ ವಸ್ಸಾಲೊ ಇ ಸಿಲ್ವಾ ಮತ್ತೆ ಗೋವಾಕ್ಕೆ ಬಂದರು, ಅತಿಥಿಯಾಗಿ. ಜನ ಪ್ರೀತಿಯಿಂದಲೇ ಬರಮಾಡಿಕೊಂಡರು.